ಬಿಸಿನೀರಿನ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮೂವತ್ತಾರು ವರ್ಷ ಶಾಲೆಯಲ್ಲಿ ಮಕ್ಕಳ ಮುಂದೆ ಹೇಳಿದವಳು ನಾನು. ಅದರ ಮೊದಲ ಅರ್ಧದ ಅರ್ಥ ನನಗೆ ತಿಳಿದದ್ದು ಮಾತ್ರ ನಿವೃತ್ತಿಯಾದ ಮೇಲೆ. ಗೋಡೆ, ಛಾವಣಿ, ಬಾಗಿಲು, ಕಿಟಕಿ ಎಲ್ಲವೂ ಹೇಗೋ ಮುಗಿದವು. ನನ್ನನ್ನು ಕಾಡಿದ್ದು ತಾರಸಿಯ ಮೇಲಿನ ಒಂದು ಸೋಲಾರ್ ಹೀಟರ್. ಅದರ ಕಾರಣದಿಂದ ಒಂಬತ್ತು ತಿಂಗಳ ಕಾಲ ನಮ್ಮ ಮನೆಗೂ ಗುತ್ತಿಗೆದಾರನೊಬ್ಬನಿಗೂ ಮಾತು ನಿಂತುಹೋಗಿತ್ತು. ಆ ಕಥೆಯನ್ನು ಇಲ್ಲಿ ಹೇಳಿಕೊಳ್ಳುವುದು ಯಾರನ್ನೂ ದೂರುವುದಕ್ಕಲ್ಲ. ಮನೆ ಕಟ್ಟಿಸುವ ಕುಟುಂಬಗಳಿಗೆ ಇದರಿಂದ ಕೊಂಚ ಪ್ರಯೋಜನವಾದೀತು ಎಂಬ ಆಸೆಯಿಂದ.

ನಮ್ಮದು ಕೋಲಾರ ಚಿನ್ನದ ಗಣಿಯ ಕುಟುಂಬ. ಅಪ್ಪ 1959ರಲ್ಲಿ ಗಣಿ ಕೆಲಸಕ್ಕೆ ಸೇರಿ, 1998ರಲ್ಲಿ ನಿವೃತ್ತರಾದರು. ಚಾಂಪಿಯನ್ ರೀಫ್ ಗಣಿಯ ಒಳಗೆ ಅವರದು ಪೈಪ್ ಫಿಟ್ಟರ್ ಕೆಲಸ. ಅದು ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ. ಅಷ್ಟು ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತು. ಮನುಷ್ಯರು ಅಲ್ಲಿ ಕೆಲಸ ಮಾಡಬೇಕಾದರೆ ಗಾಳಿಯನ್ನು ಮೇಲೆಯೇ ತಂಪಾಗಿಸಿ ಕೆಳಕ್ಕೆ ಕಳುಹಿಸಬೇಕಾಗಿತ್ತು. ಅಂತಹ ಬೇಗೆಯಲ್ಲಿ ಎಂಟು ಗಂಟೆ ಬೆಂದು, ಕೇಜಿನಲ್ಲಿ ಮೇಲೆ ಬಂದರೆ ಸುಮಾರು 850 ಮೀಟರ್ ಎತ್ತರದ ನಮ್ಮೂರಿನ ಮಾರ್ಗಶಿರ ಮಾಸದ ಚಳಿ ಮೈಗೆ ಚುಚ್ಚುತ್ತಿತ್ತು. "ಕೆಳಗೆ ಬೆಂಕಿ, ಮೇಲೆ ಹಿಮ. ನಡುವೆ ನಾವು" ಎಂದು ಅಪ್ಪ ನಗುತ್ತ ಹೇಳುತ್ತಿದ್ದರು.

1902ರಲ್ಲಿಯೇ ಶಿವನಸಮುದ್ರದಿಂದ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ತನ್ನು ತಂದಿದ್ದರೆಂದು ನಾವೆಲ್ಲರೂ ಹೆಮ್ಮೆಯಿಂದ ಓದಿದ್ದೇವೆ. ಆದರೆ ನಮ್ಮ ಲೈನಿನ ಮನೆಯಲ್ಲಿ ನೀರು ಕಾಯುತ್ತಿದ್ದುದು ಸೌದೆ ಒಲೆಯ ಮೇಲಿನ ತಾಮ್ರದ ಹಂಡೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಬರುವ ಅಪ್ಪನಿಗಾಗಿ ಅಮ್ಮ ಬೆಳಗಿನ ಜಾವವೇ ಎದ್ದು ಒಲೆ ಹಚ್ಚುತ್ತಿದ್ದರು. ಮೊದಲು ಅಪ್ಪನ ಸ್ನಾನ, ಅನಂತರ ನಮ್ಮದು. ಬಂಡೆಯ ಧೂಳೆಲ್ಲ ಹರಿದುಹೋಗಿ ಅಪ್ಪನ ನಿಜವಾದ ಬಣ್ಣ ಕಾಣಿಸುವ ಹೊತ್ತಿಗೆ ನಮಗೆ ಬೆಳಗಾಗುತ್ತಿತ್ತು. ಮೈಮೇಲಿನ ಧೂಳನ್ನು ನೀರು ತೊಳೆಯಿತು. ಶ್ವಾಸಕೋಶದೊಳಗೆ ಇಳಿದ ಧೂಳನ್ನು ತೊಳೆಯಲು ಯಾವ ನೀರಿಗೂ ಆಗಲಿಲ್ಲ. ಗಣಿಯ ಎಷ್ಟೋ ಕಾರ್ಮಿಕರಂತೆ ಅಪ್ಪನಿಗೂ ಸಿಲಿಕೋಸಿಸ್ ಅಂಟಿಕೊಂಡಿತು. ವಯಸ್ಸಾದಂತೆ ಚಳಿಗಾಲವೆಂದರೆ ಅವರಿಗೆ ಕೆಮ್ಮು ಮತ್ತು ಏದುಸಿರು. ಬೆಳಿಗ್ಗೆ ಬಿಸಿನೀರು ಮೈಮೇಲೆ ಬಿದ್ದರೆ ಮಾತ್ರ ಎದೆ ಸಡಿಲವಾಗಿ ಉಸಿರು ಸರಾಗವಾಗುತ್ತಿತ್ತು.

ನಾನು 2022ರಲ್ಲಿ ವಿಜ್ಞಾನ ಶಿಕ್ಷಕಿಯಾಗಿ ನಿವೃತ್ತಳಾದೆ. ಬಂದ ಹಣದಲ್ಲಿ ಬಂಗಾರಪೇಟೆಯ ಹೊರವಲಯದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದೆವು. ಅಮ್ಮ ಆಗಲೇ ತೀರಿಕೊಂಡಿದ್ದರು. ಅಪ್ಪನಿಗೆ 82 ವರ್ಷ. ಗಣಿಯ ಲೈನನ್ನು ಬಿಟ್ಟು ಬರಲು ಅವರಿಗೆ ಮನಸ್ಸಿರಲಿಲ್ಲ. "ಅಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ ಅಪ್ಪಾ" ಎಂದು ಆಸೆ ತೋರಿಸಿ ಕರೆತಂದವಳು ನಾನು. ಈ ಮಾತನ್ನು ಓದುಗರು ನೆನಪಿಡಬೇಕೆಂದು ಕೋರುತ್ತೇನೆ. ಏಕೆಂದರೆ ಮುಂದೆ ನಡೆದ ಜಗಳದಲ್ಲಿ ನಾನು ಅತ್ಯಂತ ಬೇಗನೆ ಮರೆತದ್ದು ಈ ಮಾತನ್ನೇ.

ಸೋಲಾರ್ ಹೀಟರ್ ಹಾಕುವ ಕೆಲಸವನ್ನು ನಮ್ಮದೇ ಲೈನಿನಲ್ಲಿ ಬೆಳೆದ ಹುಡುಗನೊಬ್ಬನಿಗೆ ವಹಿಸಿದೆವು. ಹುಡುಗನೆಂದರೆ ನಲವತ್ತು ದಾಟಿದವನು. ಅವನ ತಂದೆಯೂ ಗಣಿಯಲ್ಲಿದ್ದವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಆ ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಮಗ ಓದನ್ನು ಅರ್ಧಕ್ಕೆ ಬಿಟ್ಟು, ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಪ್ಲಂಬರ್ ಒಬ್ಬರ ಕೈಕೆಳಗೆ ಸೇರಿದ. ಹತ್ತಾರು ವರ್ಷ ಹಾಗೆಯೇ ರೈಲಿನಲ್ಲಿ ಓಡಾಡಿ, ಆಮೇಲೆ ಸ್ವಂತ ಗುತ್ತಿಗೆ ಹಿಡಿಯತೊಡಗಿದ. ನನ್ನನ್ನು ಅಕ್ಕಾ ಎನ್ನುತ್ತಿದ್ದ, ಅಪ್ಪನನ್ನು ದೊಡ್ಡಪ್ಪ ಎನ್ನುತ್ತಿದ್ದ. ಮನೆಯವನೇ ಎಂಬ ಸಲುಗೆಯಿಂದ ನಾವು ಯಾವ ಕರಾರುಪತ್ರವನ್ನೂ ಬರೆದುಕೊಳ್ಳಲಿಲ್ಲ. ಎರಡು ಪ್ಯಾನೆಲ್‌ಗಳಿರುವ 200 ಲೀಟರ್ ಹೀಟರ್, ಪೈಪು, ಕೂಲಿ ಎಲ್ಲವೂ ಸೇರಿ 42,000 ರೂಪಾಯಿ ಎಂದು ಬಾಯಿಮಾತಿನಲ್ಲಿ ಒಪ್ಪಂದವಾಯಿತು. 35,000 ಕೊಟ್ಟೆವು. ಉಳಿದ 7,000 ಕೆಲಸ ಮುಗಿದ ಮೇಲೆ ಎಂದೆವು.

2022ರ ನವೆಂಬರ್ ಕೊನೆಯಲ್ಲಿ ಹೀಟರ್ ಕುಳಿತಿತು. ಮೊದಲ ಸಂಜೆ ನಲ್ಲಿ ತಿರುಗಿಸಿದರೆ ಹೊಗೆಯಾಡುವ ನೀರು. ಅಪ್ಪ ಕೈ ಚಾಚಿ ನೀರು ಮುಟ್ಟಿ, ಮಗುವಿನಂತೆ ನಕ್ಕರು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಅದೇ ನಲ್ಲಿಯಲ್ಲಿ ಬಂದದ್ದು ಉಗುರುಬೆಚ್ಚಗಿನ ನೀರೂ ಅಲ್ಲ. ಒಂದು ದಿನ ಮೋಡವಿದ್ದಿರಬೇಕು ಎಂದುಕೊಂಡೆವು. ಹತ್ತು ದಿನ ಕಳೆದರೂ ಅದೇ ಕಥೆ. ಸಂಜೆ ಬಿಸಿ, ಬೆಳಿಗ್ಗೆ ತಣ್ಣಗೆ. ಫೋನು ಮಾಡಿದಾಗ ಅವನು ಬಂದ. ಬಂದದ್ದು ಮಧ್ಯಾಹ್ನ ಮೂರು ಗಂಟೆಗೆ. ನಲ್ಲಿ ತಿರುಗಿಸಿ, "ಕೈ ಸುಡುತ್ತಲ್ಲ ಅಕ್ಕಾ, ಇನ್ನೇನು ಬೇಕು? ರಾತ್ರಿ ಯಾರೋ ಖರ್ಚು ಮಾಡಿರ್ತೀರಿ" ಎಂದ. ಯಾರೂ ಮುಟ್ಟಿಲ್ಲ ಎಂದರೆ ನಂಬಲಿಲ್ಲ. ಮುಂದಿನ ಸಲ ಬಂದಾಗ ಬೇರೆ ಕಾರಣ ಹೇಳಿದ. ನಲ್ಲಿಯ ಬಾಯಿಗೆ ಕಟ್ಟಿದ್ದ ಬಿಳಿಯ ಹರಳನ್ನು ಉಗುರಿನಿಂದ ಕೆರೆದು ತೋರಿಸಿ, "ನಿಮ್ಮ ಬೋರ್‌ವೆಲ್ ನೀರಿಗೆ ಯಾವ ಹೀಟರೂ ತಡೆಯಲ್ಲ" ಎಂದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಗಣಿ ಕಂಪನಿಯವರು ಆ ಕಾಲದಲ್ಲಿಯೇ ಬೇತಮಂಗಲದ ಕೆರೆಯಿಂದ ಪೈಪಿನಲ್ಲಿ ನೀರು ತರಿಸಿಕೊಂಡರು. ಉಳಿದವರು ಭೂಮಿಯನ್ನು ಕೊರೆಯುತ್ತ ಹೋದೆವು. ಸಾವಿರ ಅಡಿ ದಾಟಿದರೂ ನೀರು ಸಿಗದ ಕೊಳವೆಬಾವಿಗಳು ನಮ್ಮಲ್ಲಿ ಹೊಸತಲ್ಲ. ಸಿಕ್ಕ ನೀರು ಗಡಸು. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿ ತಾಗಿದೊಡನೆ ಒಡೆದು, ಸುಣ್ಣದಂತಹ ಪದರವಾಗಿ ಪೈಪಿನ ಒಳಗೆ ಕೂರುತ್ತದೆ. ನಾನೇ ಎಷ್ಟೋ ವರ್ಷ ಪಾಠ ಮಾಡಿದ ವಿಷಯವಿದು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಪರೀಕ್ಷೆ ಮಾಡಿಸಿದಾಗ ನಮ್ಮ ನೀರು ಆ 600ನ್ನೂ ದಾಟಿತ್ತು. ಆದರೆ ಸುಣ್ಣ ಕಟ್ಟಿ ಹೀಟರ್ ಕೆಡಬೇಕಾದರೆ ತಿಂಗಳುಗಳು ಬೇಕು. ನಮ್ಮದು ಮೊದಲ ರಾತ್ರಿಯೇ ತಣ್ಣಗಾಗಿತ್ತು. ಈ ಮಾತನ್ನು ನಾನು ಅವನಿಗೆ ತಾಳ್ಮೆಯಿಂದ ಹೇಳಬಹುದಾಗಿತ್ತು. ಹೇಳಲಿಲ್ಲ. "ನೀನು ಕಲಿತ ಕೆಲಸವೇ ಅರ್ಧಂಬರ್ಧ" ಎಂದುಬಿಟ್ಟೆ. ಓದನ್ನು ಅರ್ಧಕ್ಕೆ ಬಿಟ್ಟವನಿಗೆ ಆ ಮಾತು ಎಲ್ಲಿ ನಾಟಿತೆಂಬುದು ನನಗೆ ಆಗಲೇ ತಿಳಿಯಬೇಕಿತ್ತು. ಅವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು, "ಬಾಕಿ ಏಳು ಸಾವಿರ ಕೊಡಿ, ಆಮೇಲೆ ಬರ್ತೀನಿ" ಎಂದು ಹೊರಟುಹೋದ. ಕೆಲಸ ಸರಿಯಾಗದೆ ಹಣವಿಲ್ಲ ಎಂದು ನಾನು, ಹಣ ಬಾರದೆ ಕೆಲಸವಿಲ್ಲ ಎಂದು ಅವನು. ಅಲ್ಲಿಗೆ ಬಾಗಿಲು ಮುಚ್ಚಿತು.

ಆ ಚಳಿಗಾಲವಿಡೀ ನಾನು ಅಡುಗೆ ಒಲೆಯ ಮೇಲೆ ಪಾತ್ರೆಯಿಟ್ಟು ನೀರು ಕಾಯಿಸಿ, ಅಪ್ಪನ ಬಚ್ಚಲುಮನೆಗೆ ಹೊತ್ತು ಹಾಕಿದೆ. ಪಾತ್ರೆ ಭಾರವಾಗಿರುತ್ತಿದ್ದುದರಿಂದ ದಿನವೂ ಆಗುತ್ತಿರಲಿಲ್ಲ. ಕೆಲವು ದಿನ ಅವರು ಬರಿಯ ಮುಖ ತೊಳೆದು ಸುಮ್ಮನಾಗುತ್ತಿದ್ದರು. "ಇವತ್ತು ಬೇಡಮ್ಮ, ಅಷ್ಟೇನೂ ಬೆವರಿಲ್ಲ" ಎನ್ನುತ್ತಿದ್ದರು. ಗೀಜರ್ ಕೊಳ್ಳಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಕೊಳ್ಳಬಹುದಿತ್ತು. ಹಣದ ಅಡಚಣೆ ಒಂದು ಕಾರಣ ನಿಜ. ಗೀಜರ್ ತಂದರೆ ನನ್ನ ದೂರಿನ ಬಲ ಕುಗ್ಗುತ್ತದೆ, ಅವನು ಗೆದ್ದಂತಾಗುತ್ತದೆ ಎಂಬ ಹಟ ಅದಕ್ಕಿಂತ ದೊಡ್ಡ ಕಾರಣ. ಇದನ್ನು ಬರೆಯುವಾಗ ಇಂದಿಗೂ ನನ್ನ ಕೈ ತಡೆಯುತ್ತದೆ.

ಬೇಸಿಗೆ ಬಂದೊಡನೆ ಬಿಸಿನೀರಿನ ಅವಸರ ತಗ್ಗಿತು. ನನ್ನ ಕೋಪ ಮಾತ್ರ ತಗ್ಗಲಿಲ್ಲ. ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದೆಂದು ನಿರ್ಧರಿಸಿ, ಪರಿಚಯದ ವಕೀಲರೊಬ್ಬರನ್ನು ಕಂಡೆ. ಅವರು ತಿಳಿಸಿದ ಸಂಗತಿಗಳು ಎಲ್ಲ ಮನೆಯವರಿಗೂ ಉಪಯುಕ್ತವಾಗಿವೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈನಿಂದ ಜಾರಿಗೆ ಬಂದಿದೆ. ಮನೆ ಕಟ್ಟುವ ಕೆಲಸವೂ ಒಂದು ಸೇವೆ, ಅದರಲ್ಲಿನ ಲೋಪಕ್ಕೆ ಗ್ರಾಹಕನು ಪರಿಹಾರ ಕೇಳಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿಯೇ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಲೋಪ ಕಂಡುಬಂದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಹೊಸ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಬಹುದು. ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ವಾದಿಸಲೂ ಬಹುದು. ಇಬ್ಬರೂ ಒಪ್ಪಿದರೆ ಆಯೋಗವೇ ಮಧ್ಯಸ್ಥಿಕೆಗೆ ಕಳುಹಿಸುತ್ತದೆ. ಎಲ್ಲವನ್ನೂ ಹೇಳಿದ ಮೇಲೆ ವಕೀಲರು ಒಂದು ಮಾತು ಸೇರಿಸಿದರು. "ಟೀಚರ್, ಇಲ್ಲಿ ಸಾಕ್ಷ್ಯವೆಲ್ಲ ಪ್ರಮಾಣಪತ್ರದ ಮೇಲೆ ನಡೆಯುತ್ತದೆ. ನಡೆದದ್ದನ್ನು ನಡೆದ ಹಾಗೆಯೇ ಬರೆದು ತನ್ನಿ. ಆಮೇಲೆ ಸಹಿ ಹಾಕೋಣ."

ಮನೆಗೆ ಬಂದು ಬರೆಯಲು ಕುಳಿತೆ. ಬರವಣಿಗೆ ನನಗೆ ಕಷ್ಟವಲ್ಲ. ಮೂರು ಪುಟ ಸಲೀಸಾಗಿ ಹರಿಯಿತು. "ಗುತ್ತಿಗೆದಾರರು ಸೂಚಿಸಿದ ಎಲ್ಲ ಏರ್ಪಾಡುಗಳನ್ನೂ ನಾನು ಮಾಡಿಕೊಟ್ಟಿದ್ದರೂ" ಎಂಬ ವಾಕ್ಯವನ್ನು ಬರೆದು, ಕೊಟ್ಟ ಹಣದ ತಾರೀಖುಗಳನ್ನು ನೋಡಲು ಮನೆ ಕಟ್ಟಿದ ಕಾಲದ ಲೆಕ್ಕದ ಪುಸ್ತಕವನ್ನು ತೆರೆದೆ. ಅಕ್ಟೋಬರ್ ತಿಂಗಳ ಪುಟದಲ್ಲಿ ನನ್ನದೇ ಕೈಬರಹದ ಒಂದು ಸಾಲು: "ನೀರಿನ ಟ್ಯಾಂಕಿನ ಕಟ್ಟೆ 7 ಅಡಿಗೆ ಏರಿಸಲು 9,000 ಕೇಳಿದ. ಬೇಡವೆಂದೆವು. ಉಳಿತಾಯ." ಉಳಿತಾಯ ಎಂಬ ಪದದ ಕೆಳಗೆ ಎರಡು ಗೆರೆಗಳನ್ನೂ ಎಳೆದಿದ್ದೆ.

ಆ ದಿನ ನೆನಪಾಯಿತು. ಅವನು ತಾರಸಿಯ ಮೇಲೆ ನಿಂತು, "ಅಕ್ಕಾ, ಈ ನಾಲ್ಕು ಅಡಿ ಕಟ್ಟೆ ಸಾಲದು, ಏರಿಸಬೇಕು" ಎಂದಿದ್ದ. "ನಿಮ್ಮವರೆಲ್ಲ ಹೀಗೆಯೇ ಖರ್ಚು ಹೆಚ್ಚಿಸುವುದು. ಇದರಲ್ಲಿಯೇ ಹೊಂದಿಸು" ಎಂದು ನಾನೇ ಬಾಯಿ ಮುಚ್ಚಿಸಿದ್ದೆ. ಎಂಟು ತಿಂಗಳ ಕೋಪದಲ್ಲಿ ಆ ಮಾತು ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ. ಮನಸ್ಸು ತನಗೆ ಬೇಡವಾದುದನ್ನು ಎಷ್ಟು ಅಚ್ಚುಕಟ್ಟಾಗಿ ಮರೆಯುತ್ತದೆ!

ಕಟ್ಟೆಗೂ ಬೆಳಗಿನ ತಣ್ಣೀರಿಗೂ ಏನು ಸಂಬಂಧವೆಂಬುದು ಮಾತ್ರ ಆಗಲೂ ಹೊಳೆಯಲಿಲ್ಲ. ಹೊಳೆಸಿದವರು ಅಪ್ಪ. ನಾನು ಮಂಕಾಗಿ ಕುಳಿತದ್ದನ್ನು ಕಂಡು ವಿಷಯ ಕೇಳಿದರು. ಅದುವರೆಗೆ ಯಾರೂ ಅವರನ್ನು ಈ ಬಗ್ಗೆ ಕೇಳಿರಲಿಲ್ಲ. ತಾರಸಿ ಹತ್ತಲಾರದ ಮುದುಕರಿಗೆ ಇದೆಲ್ಲ ಏಕೆ ಎಂದುಕೊಂಡಿದ್ದೆವು. ಮೂವತ್ತೊಂಬತ್ತು ವರ್ಷ ಭೂಮಿಯೊಳಗೆ ಪೈಪು ಜೋಡಿಸಿದ ಮನುಷ್ಯ ಹಾಲಿನಲ್ಲಿಯೇ ಕುಳಿತಿದ್ದರು. ನಾವು ಮಾತ್ರ ಊರೆಲ್ಲ ತಿರುಗಿದ್ದೆವು.

ಎಲ್ಲವನ್ನೂ ಕೇಳಿಸಿಕೊಂಡು ಅಪ್ಪ ನಿಧಾನವಾಗಿ, ಉಸಿರು ತೆಗೆದುಕೊಳ್ಳುತ್ತ ಹೇಳಿದರು: "ಸಂಜೆ ಬಿಸಿಯಿದ್ದ ನೀರನ್ನು ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಬಿಸಿ ಇಲ್ಲ. ಹಾಗಾದರೆ ಬಿಸಿ ಎಲ್ಲಿಗೋ ಹೋಗಿದೆ. ಹೋಗುವುದಕ್ಕೆ ಅಲ್ಲಿರುವುದು ಒಂದೇ ದಾರಿ, ಪ್ಯಾನೆಲ್ಲು. ಬಿಸಿನೀರಿನ ಟ್ಯಾಂಕು ಪ್ಯಾನೆಲ್ಲಿನ ತಲೆಗಿಂತ ಎಷ್ಟು ಮೇಲಿದೆ, ನೋಡಿ ಬಾಮ್ಮ."

ತಾರಸಿಗೆ ಹೋಗಿ ನೋಡಿದೆ. ಮೇಲಿರಲಿಲ್ಲ. ಟ್ಯಾಂಕಿನ ತಳ ಪ್ಯಾನೆಲ್ಲಿನ ಮೇಲಂಚಿಗಿಂತ ಸುಮಾರು ಒಂದು ಅಡಿ ಕೆಳಗಿತ್ತು. ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನೂ ಕತ್ತರಿಸಿ ಮತ್ತೆ ಬೆಸುಗೆ ಹಾಕಿದ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು.

ಓದುಗರಿಗೆ ಇದನ್ನು ಸರಳವಾಗಿ ವಿವರಿಸುತ್ತೇನೆ. ನಮ್ಮ ಬಗೆಯ ಸೋಲಾರ್ ಹೀಟರಿನಲ್ಲಿ ಪಂಪು ಇರುವುದಿಲ್ಲ. ಪ್ಯಾನೆಲ್ಲಿನೊಳಗಿನ ತಾಮ್ರದ ಕೊಳವೆಗಳಲ್ಲಿ ಬಿಸಿಲಿಗೆ ಕಾದ ನೀರು ಹಗುರವಾಗಿ ಮೇಲೇರಿ ಟ್ಯಾಂಕನ್ನು ಸೇರುತ್ತದೆ. ಟ್ಯಾಂಕಿನ ತಳದಲ್ಲಿರುವ ತಣ್ಣೀರು ಭಾರವಾಗಿ ಪ್ಯಾನೆಲ್ಲಿಗೆ ಇಳಿಯುತ್ತದೆ. ದಿನವಿಡೀ ಈ ಸುತ್ತು ನಡೆಯುತ್ತದೆ. ಟ್ಯಾಂಕು ಪ್ಯಾನೆಲ್ಲಿಗಿಂತ ಎತ್ತರದಲ್ಲಿದ್ದರೆ, ರಾತ್ರಿ ಪ್ಯಾನೆಲ್ಲಿನಲ್ಲಿ ತಣ್ಣಗಾದ ನೀರು ಭಾರವಾಗಿ ಅಲ್ಲಿಯೇ ನಿಲ್ಲುತ್ತದೆ, ಮೇಲಿನ ಬಿಸಿನೀರು ಮೇಲೆಯೇ ಉಳಿಯುತ್ತದೆ. ಟ್ಯಾಂಕು ಕೆಳಗಿದ್ದರೆ ಸುತ್ತು ತಿರುಗುಮುರುಗಾಗುತ್ತದೆ. ಪ್ಯಾನೆಲ್ಲಿನ ತಣ್ಣೀರು ಟ್ಯಾಂಕಿಗೆ ಇಳಿಯುತ್ತದೆ, ಟ್ಯಾಂಕಿನ ಬಿಸಿನೀರು ಪ್ಯಾನೆಲ್ಲಿಗೆ ಬಂದು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಒಪ್ಪಿಸುತ್ತದೆ. ಹಗಲು ಸಂಪಾದಿಸಿದ್ದನ್ನು ರಾತ್ರಿ ಕಳೆದುಕೊಂಡಂತೆ. ಆದುದರಿಂದ ಟ್ಯಾಂಕಿನ ತಳ ಪ್ಯಾನೆಲ್ಲಿನ ತಲೆಗಿಂತ ಸುಮಾರು ಒಂದಡಿ ಮೇಲಿರಬೇಕು. ಆ ಟ್ಯಾಂಕಿಗೆ ನೀರು ತುಂಬಬೇಕಾದರೆ ತಣ್ಣೀರಿನ ಟ್ಯಾಂಕು ಅದಕ್ಕಿಂತಲೂ ಎತ್ತರದಲ್ಲಿರಬೇಕು. ಅವನು ಏಳು ಅಡಿ ಕಟ್ಟೆ ಕೇಳಿದ್ದು ಇದಕ್ಕಾಗಿಯೇ. ನಾನು ಒಪ್ಪದಿದ್ದಾಗ ಬಿಸಿನೀರಿನ ಟ್ಯಾಂಕಿನ ಕಾಲು ಕತ್ತರಿಸಿ ಕೆಳಗಿಳಿಸಿದ್ದ. ಇದಕ್ಕೆ ಪಠ್ಯಪುಸ್ತಕದಲ್ಲಿ ಉಷ್ಣ ಸಂವಹನ ಎಂದು ಹೆಸರು. ಮೂವತ್ತಾರು ವರ್ಷ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಅದನ್ನೇ ಕಲಿಸಿದವಳು ನಾನು!

ಈಗ ತಪ್ಪು ಯಾರದು? ಏರಿಸಬೇಕೆಂದು ಅವನು ಹೇಳಿದ್ದ, ಹಣ ಉಳಿಸಲು ನಾನು ಬೇಡವೆಂದಿದ್ದೆ. ಇದು ನನ್ನ ತಪ್ಪು. ಆದರೆ ಏರಿಸದಿದ್ದರೆ ಏನಾಗುತ್ತದೆಂದು ಅವನು ಹೇಳಿರಲಿಲ್ಲ. ಕಾಲು ಕತ್ತರಿಸಿ, ಅದನ್ನು ಮುಚ್ಚಿಟ್ಟು, ನೀರಿನ ಮೇಲೆ ಅಪವಾದ ಹೊರಿಸಿದ್ದ. ಇದು ಅವನ ತಪ್ಪು. ಎರಡೂ ತಪ್ಪುಗಳು ಒಂದರ ಮೇಲೊಂದು ನಿಂತಿದ್ದವು. ನಾನು ಬರೆದ ಮೂರು ಪುಟಗಳಲ್ಲಿ ಒಂದು ಮಾತ್ರ ಇತ್ತು. ಆ ವಾಕ್ಯವನ್ನು ಬಿಟ್ಟು ದೂರು ಕೊಡಬಹುದಿತ್ತು. ಕಾನೂನಿನಲ್ಲಿ ಬಹುಶಃ ಗೆಲ್ಲಲೂಬಹುದಿತ್ತು. ಕೆಲಸ ಬಲ್ಲವನು ಎಚ್ಚರಿಸಬೇಕಾದುದು ಅವನ ಕರ್ತವ್ಯವೆಂದು ವಕೀಲರೂ ಹೇಳಿದರು. ಆದರೆ ಲೆಕ್ಕದ ಪುಸ್ತಕದ ಆ ಸಾಲನ್ನು ಓದಿದ ಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕಲು ನನ್ನಿಂದಾಗಲಿಲ್ಲ.

2023ರ ಆಗಸ್ಟಿನ ಒಂದು ಭಾನುವಾರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. 1894ರಿಂದ ಓಡುತ್ತಿರುವ ದಾರಿಯದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಒಂದೊಂದೇ ನಿಲ್ದಾಣ ಹಿಂದೆ ಸರಿಯಿತು. ಕಿಟಕಿಯಾಚೆ ಸೈನೈಡ್ ಮಣ್ಣಿನ ದಿಬ್ಬಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಅವನ ಮನೆಯ ಬಾಗಿಲು ತಟ್ಟಿದಾಗ ಅವನ ತಾಯಿ ಬಾಗಿಲು ತೆರೆದರು. ಜಗಳದ ವಿಷಯ ಅವರಿಗೆ ತಿಳಿದಿತ್ತೋ ಇಲ್ಲವೋ, "ಬಾರಮ್ಮ, ಅಪ್ಪನ ಉಸಿರು ಹೇಗಿದೆ?" ಎಂದು ಕೇಳುತ್ತ ಕಾಫಿ ಇಡಲು ಹೋದರು. ಹಿತ್ತಲಿನ ಬಚ್ಚಲಿನಲ್ಲಿ ಸೌದೆ ಒಲೆಯ ಮೇಲೆ ಕರಿಹಿಡಿದ ಹಂಡೆ ಕುಳಿತಿತ್ತು. ಎಷ್ಟೋ ತಾರಸಿಗಳಿಗೆ ಸೋಲಾರ್ ಹೀಟರ್ ಏರಿಸಿದವನ ಮನೆಯಲ್ಲಿ ನೀರು ಇನ್ನೂ ಸೌದೆಯಲ್ಲಿಯೇ ಕಾಯುತ್ತಿತ್ತು.

ಅವನು ಬಂದು ಎದುರಿಗೆ ಕುಳಿತ. ನಾನು ಚೀಲದಿಂದ ದೂರಿನ ಪತ್ರವನ್ನು ತೆಗೆಯಲಿಲ್ಲ. ಲೆಕ್ಕದ ಪುಸ್ತಕವನ್ನು ತೆಗೆದು ಆ ಪುಟವನ್ನು ತೋರಿಸಿದೆ. "ನೀನು ಏರಿಸು ಅಂದಿದ್ದೆ. ನಾನು ಬೇಡ ಅಂದೆ. ಮರೆತುಬಿಟ್ಟಿದ್ದೆ. ಆ ದಿನ ನಿನಗೆ ಆಡಿದ ಮಾತೂ ತಪ್ಪು" ಎಂದೆ. ಅವನು ಬಹಳ ಹೊತ್ತು ಆ ಎರಡು ಗೆರೆಗಳನ್ನೇ ನೋಡುತ್ತಿದ್ದ. ಆಮೇಲೆ, "ಅಕ್ಕಾ, ಸ್ಟ್ಯಾಂಡ್ ಕತ್ತರಿಸುವಾಗಲೇ ನನಗೆ ಗೊತ್ತಿತ್ತು. ಹೇಳಿದರೆ ನೀವು ಬೇರೆಯವರಿಗೆ ಕೆಲಸ ಕೊಡ್ತೀರಿ ಅನ್ನೋ ಭಯ. ಎರಡು ತಿಂಗಳಿಂದ ಕೈಯಲ್ಲಿ ಕೆಲಸ ಇರಲಿಲ್ಲ. ಹೇಗೋ ನಡೆಯುತ್ತೆ ಅಂದುಕೊಂಡೆ" ಎಂದ. ಸ್ವಲ್ಪ ತಡೆದು, "ದೊಡ್ಡಪ್ಪನಿಗೆ ಮುಖ ತೋರಿಸೋಕೆ ಆಗಲಿಲ್ಲ, ಅದಕ್ಕೇ ಬರಲಿಲ್ಲ. ಬಾಕಿ ಹಣ ಒಂದು ನೆಪ" ಎಂದ.

ಆ ದಿನ ಕಾಫಿ ಕುಡಿಯುತ್ತ ಮಾಡಿಕೊಂಡ ಒಪ್ಪಂದವನ್ನು ಈ ಸಲ ಕಾಗದದ ಮೇಲೆ ಬರೆದೆವು. ಕಟ್ಟೆ ಏರಿಸುವ ಖರ್ಚು ಮೊದಲೇ ನಾನು ಕೊಡಬೇಕಾಗಿದ್ದುದು, ಅದು ನನ್ನದು. ಹೊಸ ಸ್ಟ್ಯಾಂಡು, ಪೈಪು ಬದಲಾವಣೆ, ಕೂಲಿ ಅವನದು. ಪ್ಯಾನೆಲ್ಲಿನಲ್ಲಿ ಆಗಲೇ ಕೂತಿದ್ದ ಸುಣ್ಣವನ್ನು ಕರಗಿಸಿ ತೊಳೆಯುವ ಖರ್ಚು ಅರ್ಧರ್ಧ. ಬಾಕಿ 7,000 ರೂಪಾಯಿಯನ್ನು ಮೂರು ದಿನ ಸತತವಾಗಿ ಬೆಳಿಗ್ಗೆ ಆರಕ್ಕೆ ಬಿಸಿನೀರು ಬಂದ ಮೇಲೆ ಕೊಡುವುದು. ಇಬ್ಬರೂ ಸಹಿ ಹಾಕಿದೆವು. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದವರು ಮನೆಯಲ್ಲಿದ್ದ ಅಪ್ಪ. ಅವನೇ ಮರುದಿನ ಬಂದು, ಕಾಗದವನ್ನು ಅವರ ಮುಂದಿಟ್ಟು, ತಲೆ ತಗ್ಗಿಸಿ ನಿಂತ. ಅಪ್ಪ ಸಹಿ ಹಾಕಿ, "ಟ್ಯಾಂಕು ಮೇಲಿರಬೇಕಪ್ಪಾ. ಅದು ನಮ್ಮ ಮಾತು ಕೇಳುವುದಿಲ್ಲ" ಎಂದರಷ್ಟೆ.

ಕೆಲಸ ಐದು ದಿನಗಳಲ್ಲಿ ಮುಗಿಯಿತು. ಮೂರು ಬೆಳಗುಗಳೂ ನೀರು ಬಿಸಿಯಾಗಿಯೇ ಬಂತು. ಮೂರನೆಯ ಬೆಳಿಗ್ಗೆ ಅವನೇ ಆರು ಗಂಟೆಗೆ ಬಂದು ನಲ್ಲಿಯ ಕೆಳಗೆ ಕೈ ಹಿಡಿದ.

ಮನೆ ಕಟ್ಟಿಸುವವರಿಗೆ ನನ್ನ ಅನುಭವದಿಂದ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಹೀಟರಿನ ಬೆಲೆ ಕೇಳುವುದಕ್ಕಿಂತ ಮೊದಲು ತಣ್ಣೀರಿನ ಟ್ಯಾಂಕಿನ ಎತ್ತರವನ್ನು ನಿಶ್ಚಯಿಸಿರಿ. ಮನೆ ಕಟ್ಟುವಾಗಲೇ ಏರಿಸಿದರೆ ಖರ್ಚು ಕಡಿಮೆ. ನೀರನ್ನು ಪರೀಕ್ಷೆ ಮಾಡಿಸಿರಿ. ಗಡಸು ನೀರಾದರೆ ತಾಮ್ರದ ಕೊಳವೆಯ ಸಾಧಾರಣ ಪ್ಯಾನೆಲ್ಲಿನಲ್ಲಿ ಸುಣ್ಣ ಬೇಗ ಕಟ್ಟುತ್ತದೆ. ಗಾಜಿನ ಕೊಳವೆಗಳ ಹೀಟರ್ ಅಥವಾ ನಾವು ಬಳಸುವ ನೀರು ಪ್ಯಾನೆಲ್ಲಿನೊಳಗೆ ಹೋಗದಂತಹ ಏರ್ಪಾಡಿನ ಬಗ್ಗೆ ವಿಚಾರಿಸಿರಿ. ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಿರಲಿ, ಅದರ ಮೇಲೆ ನೆರಳು ಬೀಳದಿರಲಿ. ಗುತ್ತಿಗೆದಾರನು ಸ್ವಂತ ತಮ್ಮನೇ ಆಗಿದ್ದರೂ ಕೆಲಸದ ವಿವರ, ಹಣ, ಖಾತರಿ ಮೂರನ್ನೂ ಬರೆದುಕೊಳ್ಳಿರಿ. ಬರೆದುಕೊಳ್ಳುವುದು ಅಪನಂಬಿಕೆಯಲ್ಲ. ನಾಳೆ ಮರೆತುಹೋಗುವ ಎರಡು ಮನಸ್ಸುಗಳಿಗೆ ಅದು ನೆನಪು. ಅವನು ಏನನ್ನಾದರೂ ಬೇಕೆಂದು ಕೇಳಿದರೆ, ಬೇಡವೆನ್ನುವ ಮೊದಲು "ಮಾಡದಿದ್ದರೆ ಏನಾಗುತ್ತದೆ?" ಎಂದು ಒಮ್ಮೆ ಕೇಳಿರಿ. ನಾನು ಕೇಳದೆ ಉಳಿದ ಪ್ರಶ್ನೆ ಅದೊಂದೇ. ನ್ಯಾಯವಿದ್ದಾಗ ಆಯೋಗಕ್ಕೆ ಹೋಗಲು ಹಿಂಜರಿಯಬಾರದು, ಅದು ಇರುವುದೇ ನಮ್ಮಂತಹವರಿಗಾಗಿ. ಆದರೆ ಹೋಗುವ ಮೊದಲು ನಮ್ಮ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

2023ರ ಡಿಸೆಂಬರಿನಿಂದ ಮುಂದಿನ ಫೆಬ್ರವರಿಯವರೆಗೆ ಅಪ್ಪ ಪ್ರತಿದಿನ ಬೆಳಿಗ್ಗೆ ತಾವೇ ನಲ್ಲಿ ತಿರುಗಿಸಿ ಸ್ನಾನ ಮಾಡಿದರು. ಬಚ್ಚಲುಮನೆಯೊಳಗಿನಿಂದ ನೀರಿನ ಸದ್ದು, ಅವರ ದೀರ್ಘವಾದ ಉಸಿರು, ಗಣಿಯ ಕಾಲದ ಯಾವುದೋ ಹಾಡಿನ ಗುನುಗು ಕೇಳಿಸುತ್ತಿತ್ತು. 2024ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು.

ಈ ಹೊಸ ಮನೆಯಲ್ಲಿ ಅಪ್ಪ ಕಂಡದ್ದು ಎರಡೇ ಚಳಿಗಾಲ. ಅವುಗಳಲ್ಲಿ ಒಂದನ್ನು ನಾನು ಹಟಕ್ಕೆ ಕೊಟ್ಟುಬಿಟ್ಟೆ. ಒಂಬತ್ತು ಸಾವಿರ ರೂಪಾಯಿ ಉಳಿಸಿದೆನೆಂದು ಎರಡು ಗೆರೆ ಎಳೆದವಳಿಗೆ, ಆ ಚಳಿಗಾಲದ ಬೆಲೆಯನ್ನು ಯಾವ ಪುಟದಲ್ಲಿ ಬರೆಯಬೇಕೆಂದು ಇಂದಿಗೂ ತಿಳಿದಿಲ್ಲ. ಹೀಟರ್ ಈಗಲೂ ಚೆನ್ನಾಗಿ ನಡೆಯುತ್ತಿದೆ. ವರ್ಷಕ್ಕೊಮ್ಮೆ ಅವನೇ ಬಂದು ಸುಣ್ಣ ತೆಗೆದು ಹೋಗುತ್ತಾನೆ. ಕೆಲಸ ಮುಗಿದ ಮೇಲೆ ಅಪ್ಪನ ಕುರ್ಚಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು, ಕಾಫಿ ಕುಡಿದು, ಸಂಜೆಯ ರೈಲಿಗೆ ಹೊರಡುತ್ತಾನೆ.